ಚೆಂಡಿನ ಗುರುತು ಅಳಿಸುವ ಕಾಲು

ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ತಪ್ಪು ಹುಡುಕುವುದು ಸತೀಶ್ ಕುಮಾರನ ಉದ್ಯೋಗ. ಬೆಳಗ್ಗೆಯಿಂದ ಸಂಜೆಯವರೆಗೆ ಉದ್ದನೆಯ ಮೇಜಿನ ಮುಂದೆ ನಿಂತು, ಒಂದೊಂದೇ ಟೀ ಶರ್ಟನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ, ಹೊಲಿಗೆ ತಪ್ಪಿದ ಕಡೆ, ಎಣ್ಣೆ ಕಲೆ ಕೂತ ಕಡೆ ಬಾಣದ ಆಕಾರದ ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಹಡಗು ಹತ್ತಿ ಹೋಗಿ ಯಾರದೋ ಹೆಗಲ ಮೇಲೆ ಕೂರಬೇಕಾದ ಹೊಲಿಗೆ ಒಂದು ನೂಲಿನಷ್ಟು ಸರಿದರೂ ಅವನ ಕಣ್ಣಿಗೆ ಬೀಳುತ್ತದೆ. ಅಷ್ಟಕ್ಕೇ ಅವನನ್ನು ಭಾರೀ ಸೂಕ್ಷ್ಮದ ಮನುಷ್ಯ ಎಂದುಕೊಳ್ಳುವುದು ಬೇಡ. ತನ್ನದೇ ಅಂಗಿಯನ್ನು ತಿರುವುಮುರುವಾಗಿ ತೊಟ್ಟುಕೊಂಡು ಬಸ್ ಸ್ಟ್ಯಾಂಡಿನಿಂದ ಕಂಪನಿವರೆಗೆ ನಡೆದುಬಂದು, ಗೇಟಿನ ವಾಚ್‌ಮನ್ ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡವನು ಅವನು. ಮದುವೆಗೆ ಹೆಣ್ಣು ನೋಡಲು ಹೊರಟರೆ ಅವನ ಬಗ್ಗೆ ಹೇಳಿಕೊಳ್ಳಲು ಇರುವ ಒಂದೇ ದೊಡ್ಡ ಸಂಗತಿಯೆಂದರೆ, ಅವನ ಅಕ್ಕ ಗೋಮತಿ ಟೆನಿಸ್ ಆಡುತ್ತಾಳೆ ಎಂಬುದು. ಆಟವೇ ಅವಳ ಜೀವನೋಪಾಯ.

ಇದನ್ನು ಕಂಪನಿಯಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬರು ಹಾಗಾದರೆ ಟೀವಿಯಲ್ಲಿ ಏಕೆ ಬರುವುದಿಲ್ಲ ಎಂದು ಕೇಳಿಯೇ ಕೇಳುತ್ತಾರೆ. ಟೀವಿಯಲ್ಲಿ ಬರುವವರೆಲ್ಲ ಪಟ್ಟಿಯ ತಲೆಯಲ್ಲಿರುವವರು, ನಮ್ಮಕ್ಕ ಇರುವುದು ಪಟ್ಟಿಯ ಕಾಲ್ಬೆರಳಿನಲ್ಲಿ, ಫೋನಿನಲ್ಲಿ ಹೆಬ್ಬೆರಳು ನೋಯುವವರೆಗೆ ಕೆಳಗೆ ಸರಿಸಿದರೆ ಸಿಗುತ್ತಾಳೆ ಎಂದು ಸತೀಶ ವಿವರಿಸುತ್ತಾನೆ. ಅಲ್ಲೂ ಒಂದು ವಿಶೇಷವಿದೆ. ಸಿಮೆಂಟಿನ ಅಂಗಳದಲ್ಲಿ ಬಿಟ್ಟರೆ ಶಾಲೆಯ ಮಕ್ಕಳೂ ಗೋಮತಿಯನ್ನು ಸೋಲಿಸಿಯಾರು. ಮಣ್ಣಿನ ಅಂಗಳದಲ್ಲಿ ಮಾತ್ರ ಅವಳಿಗಿಂತ ಎಷ್ಟೋ ಮೇಲಿರುವವರೂ ಎದುರಾಳಿಯ ಹೆಸರು ಓದಿ ಒಂದು ಸಲ ನಿಟ್ಟುಸಿರು ಬಿಡುತ್ತಾರೆ. ಹೊಡೆದ ಚೆಂಡೆಲ್ಲ ತಿರುಗಿ ಬರುತ್ತದೆ. ಇನ್ನೊಮ್ಮೆ ಹೊಡೆದರೆ ಇನ್ನೊಮ್ಮೆ ಬರುತ್ತದೆ.

ಈ ಮಣ್ಣಿನ ನಂಟು ಶುರುವಾದದ್ದು ಕಾರಮಡೈ ಹತ್ತಿರದ ಅವರ ತೋಟದ ಕಣದಲ್ಲಿ. ಮನೆಯಲ್ಲಿ ಕನ್ನಡ, ಬಾಗಿಲು ದಾಟಿದರೆ ತಮಿಳು ಎನ್ನುವ ಒಕ್ಕಲು ಮನೆತನ ಅದು. ಅಪ್ಪ ಸುಬ್ಬಯ್ಯನ್ ಬಾಳೆ ಬೆಳೆಯುತ್ತಾರೆ. ಬಾಳೆಗೆ ಕಣ ಬೇಕಿಲ್ಲ. ಆದರೆ ಅಜ್ಜಿ ಸಾಮಿಯಾತಾಳ್‌ಗೆ ಕಣ ಬೇಕು. ಒಂದಿಷ್ಟು ಜೋಳ, ಒಂದಿಷ್ಟು ಹುರುಳಿ, ಒಂದಿಷ್ಟು ನೆಲಗಡಲೆಯನ್ನು ಅವರು ಈಗಲೂ ಹಟ ಹಿಡಿದು ಬೆಳೆಸಿ, ಸೆಗಣಿ ಸಾರಿಸಿ ಕಲ್ಲಿನಷ್ಟು ಗಟ್ಟಿಯಾದ ಆ ಚೌಕದ ಮೇಲೆ ಬಡಿದು, ತೂರಿ, ಒಣಗಿಸುತ್ತಾರೆ. ಕಾರಮಡೈ ಶಾಲೆಯ ಆಟದ ಮೇಷ್ಟ್ರು ಸೋಮಸುಂದರಂ ಕೊಯಮತ್ತೂರಿನ ಯಾವುದೋ ಕ್ಲಬ್ಬಿನವರು ಬಿಸಾಡಿದ ರ‍್ಯಾಕೆಟ್‌ಗಳನ್ನು ಗೋಣಿಚೀಲದಲ್ಲಿ ತಂದು ಮಕ್ಕಳಿಗೆ ಹಂಚಿದಾಗ, ಗೋಮತಿ ತನ್ನ ಪಾಲಿನದನ್ನು ಹೊತ್ತುಕೊಂಡು ನೇರವಾಗಿ ಬಂದದ್ದು ಆ ಕಣಕ್ಕೆ. ಊರಿನಲ್ಲಿ ಅಷ್ಟು ಸಮನಾದ ಜಾಗ ಇನ್ನೊಂದಿರಲಿಲ್ಲ. ಬಾಳೆನಾರಿನ ಹಗ್ಗ ಕಟ್ಟಿ ಅದರ ಮೇಲೆ ಹಳೇ ಸೀರೆ ಇಳಿಬಿಟ್ಟರೆ ನೆಟ್ಟಾಯಿತು. ಎದುರಾಳಿಯಾಗಿ ತಮ್ಮ ಸತೀಶನಿದ್ದ. ಅವನು ಆಡಿದ್ದಕ್ಕಿಂತ ಬಾಳೆತೋಟದೊಳಗೆ ಚೆಂಡು ಹುಡುಕಿದ್ದೇ ಹೆಚ್ಚು. ತಾನು ತಪ್ಪು ಹುಡುಕುವ ವೃತ್ತಿಗೆ ಬಂದದ್ದರ ಬೀಜ ಅಲ್ಲೇ ಇದೆ ಎಂದು ಅವನು ಈಗ ಹೇಳಿಕೊಳ್ಳುವುದುಂಟು.

ಅಜ್ಜಿ ಬೇಡ ಎನ್ನಲಿಲ್ಲ. ಎರಡು ಕಟ್ಟಳೆ ಮಾತ್ರ ಹಾಕಿದರು. ಕಣದ ಮೇಲೆ ಚಪ್ಪಲಿ, ಬೂಟು ಕೂಡದು, ಅದು ಅನ್ನ ಬೀಳುವ ಜಾಗ. ಇನ್ನೊಂದು, ಕಣದ ಮೇಲೆ ಗುರುತು ಬಿದ್ದರೆ ಕಂಡ ತಕ್ಷಣ ಅಂಗಾಲಿನಲ್ಲಿ ತಿಕ್ಕಿ ಅಳಿಸಬೇಕು. ಹೆಜ್ಜೆಯದಾಗಲಿ, ಕೋಳಿಯದಾಗಲಿ, ಚೆಂಡಿನದಾಗಲಿ, ಇವತ್ತಿನ ಸಣ್ಣ ಗುಳಿಯೇ ನಾಳೆ ಕಾಳು ನುಂಗುವ ಬಿಲವಾಗುತ್ತದೆ ಎಂಬುದು ಅವರ ವಾದ. ಹಗ್ಗದ ಮಂಚದ ಮೇಲೆ ಪೊರಕೆ ಹಿಡಿದು ಕೂತು ಅವರು ಇದನ್ನು ಕಾವಲು ಕಾಯುತ್ತಿದ್ದರು. ಹಾಗಾಗಿ ಗೋಮತಿ ಬರಿಗಾಲಲ್ಲಿ ಜಾರಿಕೊಂಡು ಹೋಗಿ ಚೆಂಡು ಹೊಡೆಯುವುದನ್ನು ಕಲಿತಳು. ಹೊಡೆದು ನಿಂತಾಗ ಕಾಲು ತಾನಾಗಿ ಒಂದು ಸಲ ಎಡಕ್ಕೆ ಒಂದು ಸಲ ಬಲಕ್ಕೆ ಆಡಿ ಗುರುತು ಅಳಿಸುವುದನ್ನೂ ಕಲಿತಳು.

ಮೊದಲನೆಯ ಕಟ್ಟಳೆಯಿಂದ ಬಂದ ತೊಂದರೆ ಬೇಗ ಮುಗಿಯಿತು. ಕೊಯಮತ್ತೂರಿನಲ್ಲಿ ಮೊದಲ ಸಲ ನಿಜವಾದ ಮಣ್ಣಿನ ಅಂಗಳ ಕಂಡ ದಿನ ಗೋಮತಿ ಗೇಟಿನ ಹತ್ತಿರ ಬೂಟು ಬಿಚ್ಚಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಒಳಗೆ ನಡೆದಳು. ಬೂಟು ಹಾಕದೆ ಆಡಿಸುವುದಿಲ್ಲ ಎಂದು ಅಧಿಕಾರಿ ಕೂಗಾಡಿದ. ಸೋಮಸುಂದರಂ ಮೇಷ್ಟ್ರು ಬೂಟು ಕೈಯಲ್ಲಿ ಹಿಡಿದುಕೊಂಡು ಅವಳ ಹಿಂದೆ ಓಡಿದರು. ಅವತ್ತು ಬೂಟು ಹಾಕಿ ಆಡಿ ಅವಳ ಕಾಲಲ್ಲಿ ಬೊಬ್ಬೆ ಎದ್ದಿತು, ಆದರೂ ಗೆದ್ದಳು. ಅಲ್ಲಿಂದ ಮುಂದೆ ಬೂಟು ಅಭ್ಯಾಸವಾಯಿತು. ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ಮಾತ್ರ ಉಳಿದುಕೊಂಡಿತು.

ಎರಡನೆಯ ಕಟ್ಟಳೆ ಒಂದು ರೋಗದ ಹಾಗೆ ಅವಳೊಳಗೆ ಕೂತಿದ್ದದ್ದು ಯಾರಿಗೂ ತಿಳಿಯಲಿಲ್ಲ.

ಮಣ್ಣಿನ ಟೆನಿಸ್‌ನಲ್ಲಿ ಒಂದು ನಿಯಮವಿದೆ. ಚೆಂಡು ಬಿದ್ದ ಕಡೆ ಮಣ್ಣಿನಲ್ಲಿ ಅದರ ಅಚ್ಚು ಮೂಡುತ್ತದೆ. ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂದು ಅನುಮಾನ ಬಂದರೆ ಅಂಪೈರ್ ತನ್ನ ಎತ್ತರದ ಕುರ್ಚಿಯಿಂದ ಇಳಿದುಬಂದು, ಬಗ್ಗಿ, ಆ ಅಚ್ಚನ್ನು ನೋಡಿ ತೀರ್ಮಾನ ಹೇಳುತ್ತಾರೆ. ಅವರು ಬರುವ ಮೊದಲೇ ಆಟಗಾರ್ತಿ ಕಾಲಿನಿಂದ ಅದನ್ನು ಅಳಿಸಿಬಿಟ್ಟರೆ, ಚೆಂಡು ಒಳಗೇ ಬಿದ್ದಿತ್ತು, ಪಾಯಿಂಟ್ ಎದುರಾಳಿಯದೇ ಎಂದು ಅವಳೇ ಒಪ್ಪಿಕೊಂಡ ಹಾಗೆ. ನಮ್ಮ ಗೋಮತಿ ಅಳಿಸುತ್ತಿದ್ದಳು. ಟರ್ಕಿಯಲ್ಲಿ ಅಳಿಸಿದಳು, ಸೆರ್ಬಿಯಾದಲ್ಲಿ ಅಳಿಸಿದಳು. ಜರ್ಮನಿಯ ಒಂದು ಹಳ್ಳಿಯ ಕ್ಲಬ್ಬಿನವರು ಬೇಸಿಗೆಯ ಪಂದ್ಯಗಳಿಗೆ ಪ್ರತಿ ವರ್ಷ ಅವಳನ್ನು ಸಂಬಳ ಕೊಟ್ಟು ಕರೆಸಿಕೊಳ್ಳುತ್ತಿದ್ದರು. ಆಡಿದವರೇ ಅಂಗಳ ಗುಡಿಸಿ ಹೋಗಬೇಕು ಎಂಬ ಪದ್ಧತಿ ಅಲ್ಲಿ ಇದ್ದದ್ದರಿಂದ ಅವಳಿಗೆ ಅಜ್ಜಿಯ ಮನೆಯಲ್ಲೇ ಇದ್ದಂತಾಗಿ, ಇನ್ನೂ ಉತ್ಸಾಹದಿಂದ ಅಳಿಸಿದಳು. ಸೋತದ್ದು ಅಲ್ಲಲ್ಲಿ ಒಂದೊಂದು ಪಾಯಿಂಟು. ಬಂದದ್ದು ದೊಡ್ಡ ಹೆಸರು. ಇಷ್ಟು ಪ್ರಾಮಾಣಿಕ ಹುಡುಗಿಯನ್ನು ತಾವು ಕಂಡಿಲ್ಲ ಎಂದು ಆ ಹಳ್ಳಿಯವರು ಅವಳಿಗೊಂದು ಮರದ ಗಡಿಯಾರ ಬಹುಮಾನ ಕೊಟ್ಟರು. ಅದು ಕಾರಮಡೈ ಮನೆಯ ಗೋಡೆಯ ಮೇಲೆ ಇದೆ. ನಡೆಯುವುದಿಲ್ಲ.

ಇದರ ಗುಟ್ಟು ಹಿಡಿದದ್ದು ಸತೀಶ. ಹೋದ ವರ್ಷ ಯಾರೋ ಫೋನಿನಲ್ಲಿ ತೆಗೆದ ಅಕ್ಕನ ಆಟವೊಂದನ್ನು ಅವನು ಊಟದ ಬಿಡುವಿನಲ್ಲಿ ನೋಡುತ್ತಿದ್ದ. ಎದುರಾಳಿಯ ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿತ್ತು. ಅಂಪೈರ್ ಇಳಿದು ಬರುತ್ತಿದ್ದರು. ಅಷ್ಟರಲ್ಲಿ ಅಕ್ಕನ ಬಲಗಾಲು ಅತ್ತ ಇತ್ತ ಆಡಿ ಅಚ್ಚನ್ನು ನುಣ್ಣಗೆ ಮಾಡಿತು. ತಪ್ಪು ಹುಡುಕುವ ಕಣ್ಣಿಗೆ ಇದಕ್ಕಿಂತ ದೊಡ್ಡ ತಪ್ಪು ಯಾವತ್ತೂ ಸಿಕ್ಕಿರಲಿಲ್ಲ. ಅವನು ಕೈ ಕೂಡ ತೊಳೆಯದೆ ಫೋನ್ ಮಾಡಿ, ಹೊರಗೆ ಬಿದ್ದ ಚೆಂಡನ್ನು ಯಾಕೆ ಅಳಿಸಿದೆ ಎಂದು ಕೇಳಿದ.

"ನಾನಾ ಅಳಿಸ್ದೆ?" ಎಂದಳು ಗೋಮತಿ. ಆಮೇಲೆ, "ಕಾಲು ಅಳಿಸ್ತು ಕಣೋ. ನಂಗೆ ತಿಳೀಲೇ ಇಲ್ಲ," ಎಂದಳು.

ಸೋಮಸುಂದರಂ ಮೇಷ್ಟ್ರು ತಮ್ಮ ಇಷ್ಟು ವರ್ಷದ ಅನುಭವದಲ್ಲಿ ಮೊಣಕೈ ನೋವು ಕಂಡಿದ್ದೇನೆ, ಭುಜ ಕಳಚಿದ್ದು ಕಂಡಿದ್ದೇನೆ, ಗುಡಿಸುವ ರೋಗ ಕಂಡಿಲ್ಲ ಎಂದು ಕೈ ಚೆಲ್ಲಿದರು.

ಇದೇ ಸಮಯಕ್ಕೆ ಅಜ್ಜಿ ತಮ್ಮ ಮಾತು ಹೇಳಿದ್ದು. ಗೋಮತಿಗೆ ಇಪ್ಪತ್ತೆಂಟು ತುಂಬಿತ್ತು. ಅಣ್ಣೂರಿನ ಕಡೆಯಿಂದ ಒಂದು ಸಂಬಂಧ ಬಂದು ಕೂತಿತ್ತು, ಕೊಯಮತ್ತೂರಿನ ಒಂದು ಶಾಲೆಯವರು ಆಟ ಕಲಿಸಲು ಕರೆಯುತ್ತಿದ್ದರು. ಆ ಮನೆಯಲ್ಲಿ ಸುಬ್ಬಯ್ಯನ್ ಮಾತಾಡುತ್ತಾರೆ, ತೀರ್ಮಾನ ಮಾಡುವುದು ಅವರ ತಾಯಿ.

"ಎಲ್ಲಿಗೋ ಓಗ್ತಾಳೆ, ಯಾರ್ ಜೊತೆಯೋ ಆಡ್ತಾಳೆ. ಗೆದ್ದೆ ಅಂದ್ರೆ ಗೆದ್ದೆ, ಸೋತೆ ಅಂದ್ರೆ ಸೋತೆ. ನಾ ಏನ್ ಕಂಡೆ?" ಎಂದರು ಸಾಮಿಯಾತಾಳ್. "ನನ್ ಕಣ್ ಮುಂದೆ ಒಂದಾಟ ಗೆದ್ದು ತೋರಿಸ್ಲಿ. ತೋರಿಸಿದ್ರೆ ಅವಳಿಷ್ಟ, ನಾ ಬಾಯೇ ತೆರೆಯೊಲ್ಲೆ. ಇಲ್ಲಾಂದ್ರೆ ಆ ಬ್ಯಾಟು ಅಟ್ಟಕ್ಕೆ."

ಗೋಮತಿ ಒಪ್ಪಿಕೊಂಡಳು. ಒಪ್ಪಿಕೊಂಡರೆ ಅವಳು ಮಾತು ತಪ್ಪುವವಳಲ್ಲ ಎಂಬುದೇ ಸತೀಶನ ಭಯ. ಫೆಬ್ರವರಿಯಲ್ಲಿ ಕೊಯಮತ್ತೂರಿನ ಮಣ್ಣಿನ ಅಂಗಳದಲ್ಲೇ ಒಂದು ಅಂತಾರಾಷ್ಟ್ರೀಯ ಪಂದ್ಯಾವಳಿ ಇತ್ತು. ಅಲ್ಲಿ ಒಂದೇ ಒಂದು ಸುತ್ತು ಗೆದ್ದರೂ ಸಾಕು. ಸೋತರೆ ಅವಳಿಗೆ ಗೊತ್ತಿರುವ ಒಂದೇ ಬದುಕು ಅಟ್ಟ ಹತ್ತುತ್ತದೆ.

ಆದ್ದರಿಂದ ಚಿಕಿತ್ಸೆಯನ್ನು ಸತೀಶನೇ ಕೈಗೆತ್ತಿಕೊಂಡ. ವೈದ್ಯನಿಗೆ ಟೆನಿಸ್ ಬಾರದು, ಆದರೆ ಅವನ ಹತ್ತಿರ ಕಂಪನಿಯ ಸ್ಟಿಕ್ಕರ್‌ಗಳಿದ್ದವು. ಭಾನುವಾರ ಬೆಳಗಾದರೆ ಅವಿನಾಶಿ, ಅಣ್ಣೂರಿನ ಮೇಲೆ ಬಸ್ಸು ಹಿಡಿದು ಮನೆಗೆ ಬರುತ್ತಿದ್ದ. ಕಣದ ಮೇಲೆ ಚೆಂಡು ಬಿದ್ದ ಕೂಡಲೇ ಓಡಿ ಅಚ್ಚಿನ ಪಕ್ಕ ಒಂದು ಕೆಂಪು ಬಾಣ ಅಂಟಿಸುತ್ತಿದ್ದ. ಬಾಣ ಅಂಟಿಸಿ, ಒಳಗೋ ಹೊರಗೋ ಎಂದು ಅವನು ಹೇಳುವ ತನಕ ಗೋಮತಿ ಕಾಲು ಆಡಿಸುವಂತಿಲ್ಲ. ಮೊದಮೊದಲು ಅವಳ ಕಾಲು ಹಸಿದ ಕರುವಿನ ಹಾಗೆ ಅಚ್ಚಿನ ಕಡೆಗೆ ಎಳೆಯುತ್ತಿತ್ತು. ಅವಳು ರ‍್ಯಾಕೆಟ್ಟಿನಿಂದ ತನ್ನ ಮೊಣಕಾಲಿಗೆ ತಾನೇ ಹೊಡೆದುಕೊಳ್ಳುತ್ತಿದ್ದಳು. ಸೆಗಣಿ ನೆಲಕ್ಕೆ ಸರಿಯಾಗಿ ಹಿಡಿಯದ ಬಾಣಗಳು ಗಾಳಿಗೆ ಹಾರಿ ಕೋಳಿಗಳಿಗೆ ಅಂಟಿಕೊಂಡವು. ಕೋಳಿಯಲ್ಲಿ ಏನು ತಪ್ಪು ಕಂಡೆ ಎಂದು ಅಜ್ಜಿ ಮೊಮ್ಮಗನನ್ನು ವಿಚಾರಿಸಿದರು. ಈ ಎಲ್ಲದರ ನಡುವೆ ಒಂದು ಭಾನುವಾರ ಗೋಮತಿ ಅಚ್ಚಿನ ಮುಂದೆ ಹಾಯಾಗಿ ನಿಂತು ನೀರು ಕುಡಿದಳು. ಕಾಲು ಅಲುಗಲಿಲ್ಲ. ರೋಗ ಬಿಟ್ಟಿತ್ತು. ಸತೀಶ ತನ್ನ ಇಪ್ಪತ್ತೈದು ವರ್ಷದ ಬಾಳಿನಲ್ಲಿ ಮುಗಿಸಿದ ಮೊದಲ ಕೆಲಸ ಅದು.

ಪಂದ್ಯದ ದಿನ ಅವನು ಕಂಪನಿಗೆ ಅಜ್ಜಿಗೆ ಮೈ ಸರಿಯಿಲ್ಲ ಎಂದು ಹೇಳಿ ರಜೆ ಹಾಕಿದ. ಮೈ ಸರಿಯಿಲ್ಲದ ಅಜ್ಜಿ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಡ್ರೈವರಿಗೆ ದಾರಿ ಹೇಳಿಕೊಂಡು ಕೊಯಮತ್ತೂರಿಗೆ ಬಂದರು. ಅಂಗಳದ ಗೇಟಿನಲ್ಲಿ ಚಪ್ಪಲಿ ಬಿಟ್ಟರು. ಮೆಟ್ಟಿಲುಗಳು ಕಾದಿದ್ದರಿಂದ ಸುಬ್ಬಯ್ಯನ್ ತಮ್ಮ ಟವೆಲನ್ನು ಅವರ ಕಾಲ ಕೆಳಗೆ ಹಾಸಿದರು. ಕೆಂಪು ಮಣ್ಣನ್ನು ಒಮ್ಮೆ ಉದ್ದಕ್ಕೂ ನೋಡಿ, ಸಾರಿಸಿರುವುದು ಪರವಾಗಿಲ್ಲ ಎಂದು ಅಜ್ಜಿ ಸರ್ಟಿಫಿಕೇಟ್ ಕೊಟ್ಟರು. ಲೆಕ್ಕ ಹೇಗೆ, ಗೆಲ್ಲುವುದು ಯಾವಾಗ ಎಂದು ಸತೀಶ ಹೇಳಿಕೊಡಲು ಹೋದರೆ, ತನಗೆ ಕಣ್ಣಿದೆ, ನೋಡಿದರೆ ತಿಳಿಯುತ್ತದೆ ಎಂದು ಅವನ ಬಾಯಿ ಮುಚ್ಚಿಸಿದರು.

ಎದುರಾಳಿ ಚೆನ್ನೈನ ತೆನ್ಮೊಳಿ, ಗೋಮತಿಗಿಂತ ಒಂಬತ್ತು ವರ್ಷ ಚಿಕ್ಕವಳು, ಚೆಂಡನ್ನು ಹಳೇ ಬಾಕಿ ತೀರಿಸುವವಳ ಹಾಗೆ ಹೊಡೆಯುತ್ತಿದ್ದಳು. ಮೊದಲ ಸೆಟ್ ಅವಳದಾಯಿತು. ಎರಡನೆಯದರಲ್ಲಿ ಗೋಮತಿಯ ಮಣ್ಣು ಎದ್ದು ಕೂತಿತು. ಮೂಲೆಯಿಂದ ಮೂಲೆಗೆ ಜಾರಿ, ಎತ್ತರಕ್ಕೆ ಎತ್ತಿ, ಮತ್ತೆ ನಡುವೆ ಬಂದು, ಆ ಹುಡುಗಿಯ ಉಸಿರು ಕೇಳಿಸುವವರೆಗೆ ಓಡಿಸಿದಳು. ಒಂದು ಸಲ ಚೆಂಡು ಗೆರೆಯ ಹತ್ತಿರ ಬಿದ್ದು ವಾದ ಬಂತು. ಸತೀಶ ಎದ್ದು ನಿಂತ. ಗೋಮತಿ ಅಚ್ಚಿನ ಪಕ್ಕ ಕಾಲು ಜೋಡಿಸಿ ನಿಂತು, ಕೈ ಎತ್ತಿ ಅಂಪೈರನ್ನು ಕರೆದಳು. ಅವರು ಇಳಿದು ಬಂದು ನೋಡಿ ಹೊರಗೆ ಎಂದರು. ಪಾಯಿಂಟ್ ಅವಳದು, ಸ್ವಲ್ಪ ಹೊತ್ತಿಗೆ ಸೆಟ್ಟೂ ಅವಳದು. ಗೋಮತಿ ತಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಜ್ಜಿಗೆ ಮಾತ್ರ ಇದು ಸರಿ ಕಾಣಲಿಲ್ಲ. ಗುರುತು ಬಿದ್ದಿದೆ, ಎದುರಿಗೇ ನಿಂತಿದ್ದಾಳೆ, ಅಳಿಸುವುದು ಬಿಟ್ಟು ಊರನ್ನೆಲ್ಲ ಕರೆದು ತೋರಿಸುತ್ತಾಳೆ, ಯಾರು ಬೆಳೆಸಿದ ಹೆಣ್ಣು ಎಂದುಕೊಳ್ಳುವುದಿಲ್ಲವೆ ಜನ ಎಂದು ಪಕ್ಕದ ಹೆಂಗಸಿನ ಹತ್ತಿರ ಗೊಣಗಿದರು.

ಮೂರನೆಯ ಸೆಟ್ ಸರಿಸಮವಾಗಿ ಸಾಗಿ ಕೊನೆಗೆ ತೆನ್ಮೊಳಿಗೆ ಗೆಲ್ಲಲು ಒಂದು ಪಾಯಿಂಟ್ ಉಳಿಯಿತು. ಆ ಪಾಯಿಂಟ್ ಮುಗಿಯುವುದೇ ಇಲ್ಲವೇನೋ ಎಂಬಷ್ಟು ಹೊತ್ತು ನಡೆಯಿತು. ಕಡೆಗೆ ತೆನ್ಮೊಳಿ ಬೀಸಿದ ಚೆಂಡು ಗೋಮತಿಯ ಹಿಂದಿನ ಗೆರೆಯ ಹತ್ತಿರ ಬಿತ್ತು. ಹೊರಗೆ ಎಂದು ಅಂಪೈರ್ ಕೂಗಿದರು. ಸತೀಶನ ಜೀವ ಮರಳಿ ಬಂತು. ತೆನ್ಮೊಳಿ ಒಪ್ಪದೆ, ಅಚ್ಚು ನೋಡಿ ಎಂದು ಕೇಳಿದಳು. ಅಂಪೈರ್ ಇಳಿಯತೊಡಗಿದರು.

ಗೋಮತಿ ಅಚ್ಚಿನ ಹತ್ತಿರ ಹೋದಳು. ಬಗ್ಗಿದಳು. ನಿಧಾನವಾಗಿ ನೋಡಿದಳು, ಸತೀಶ ಟ್ಯೂಬ್‌ಲೈಟಿನ ಕೆಳಗೆ ಹೊಲಿಗೆ ನೋಡುತ್ತಾನಲ್ಲ, ಹಾಗೆ. ನೆಟ್ಟಗಾದಳು. ಅಂಪೈರ್ ಇನ್ನೂ ನಾಲ್ಕು ಮಾರು ದೂರದಲ್ಲಿದ್ದರು. ಆಗ ಅವಳ ಬಲಗಾಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಆಡಿತು. ನೆಲ ನುಣ್ಣಗಾಯಿತು.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ತೆನ್ಮೊಳಿ ನೆಟ್ಟಿನ ಹತ್ತಿರ ಓಡಿಬಂದು ಗೋಮತಿಯನ್ನು ತಬ್ಬಿಕೊಂಡಳು. ಕೂತಿದ್ದ ಜನವೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಗೆದ್ದವಳಿಗಲ್ಲ, ಗೋಮತಿಗೆ. ಸತೀಶ ಮಾತ್ರ ಕೂತೇ ಇದ್ದ. ಕೋಳಿಗಳಿಗೆ ಬಾಣ ಅಂಟಿಸಿ ಬಿಡಿಸಿದ ರೋಗ ಇದಲ್ಲ ಎಂದು ಅವನಿಗೆ ಗೊತ್ತಿತ್ತು. ಕಾಲು ತಾನಾಗಿ ಹೋಗಿರಲಿಲ್ಲ. ಅಕ್ಕ ಅದನ್ನು ಕಳಿಸಿದ್ದಳು.

"ಗೆದ್ಬುಟ್ಳು ನಮ್ ಪುಳ್ಳೆ," ಎಂದು ಮೊಮ್ಮಗಳ ಕಡೆ ಕೈ ತೋರಿಸಿದರು ಅಜ್ಜಿ. ಸೆರಗಿನ ಗಂಟಿನಿಂದ ಕಡಲೆ ಮಿಠಾಯಿ ತೆಗೆದು ಪಕ್ಕದವರಿಗೆಲ್ಲ ಹಂಚತೊಡಗಿದರು. ಕೊನೆಗೂ ಕಲಿಸಿದ್ದು ನೆನಪಿಗೆ ಬಂತು, ಅಳಿಸಿದಳು, ಗೆದ್ದಳು. ಅವರ ಮಟ್ಟಿಗೆ ಆಟದ ನಿಯಮ ಸ್ಪಷ್ಟವಾಗಿತ್ತು. ಪತ್ರಿಕೆಯವನೊಬ್ಬ ಬಂದು, ಬೊಚ್ಚುಬಾಯಿ ತುಂಬ ನಗುತ್ತಿದ್ದ ಅವರ ಫೋಟೋ ತೆಗೆದುಕೊಂಡ. ನಾಳೆ ಅದು ಕಂಪನಿಯ ಮೇನೇಜರ್ ಕಣ್ಣಿಗೆ ಬಿದ್ದರೆ ತನ್ನ ರಜೆಯ ಗತಿ ಏನು ಎಂದು ಸತೀಶನಿಗೆ ಹೊಳೆಯಿತು. ಆದರೆ ಅವತ್ತು ಅದು ಸಣ್ಣ ಚಿಂತೆ.

ಸುಬ್ಬಯ್ಯನ್ ಮಗನ ಕಿವಿಯಲ್ಲಿ, ಅಜ್ಜಿ ಹಾಗೇ ತಿಳಿದುಕೊಂಡಿರಲಿ, ನೀನು ಬಾಯಿ ಬಿಡಬೇಡ ಎಂದರು. ಸತೀಶನಿಗೆ ಬಾಯಿ ಬಿಡುವ ಯೋಚನೆಯೇ ಇರಲಿಲ್ಲ. ದೇವರು ಒಂದು ಸಣ್ಣ ತಪ್ಪನ್ನು ಸ್ಟಿಕ್ಕರ್ ಇಲ್ಲದೆ ದಾಟಿಸಿ ಕಳಿಸುತ್ತಿದ್ದಾನೆ, ತಾನೇಕೆ ಅಡ್ಡ ಬರಲಿ ಎಂಬುದು ಅವನ ಲೆಕ್ಕ. ವ್ಯಾನಿನಲ್ಲಿ ಅಜ್ಜಿ ಗೆಲುವನ್ನು ಡ್ರೈವರಿಗೆ ಮೊದಲಿನಿಂದ ವರ್ಣಿಸಿದರು. ಗೋಮತಿ ಕಿಟಕಿಗೆ ತಲೆ ಆನಿಸಿ ಕೂತಿದ್ದಳು. ಅವಳ ಮುಖ ನೋಡಿದಾಗಲೇ ಸತೀಶನಿಗೆ ಗೊತ್ತಾಗಬೇಕಿತ್ತು.

ಮನೆಗೆ ಬಂದಾಗ ಬಿಸಿಲು ಇಳಿದಿತ್ತು. ಅಜ್ಜಿ ಒಣಗಲು ಹಾಕಿದ್ದ ಹುರುಳಿಯನ್ನು ಗುಡ್ಡೆ ಮಾಡಲು ಕಣಕ್ಕೆ ಹೋದರು. ಗೋಮತಿ ಬೂಟು ಬಿಚ್ಚಿ ಅವರ ಹಿಂದೆಯೇ ಹೋಗಿ ಎದುರಿಗೆ ಕುಕ್ಕರುಗಾಲಲ್ಲಿ ಕೂತಳು. ಅವಳು ಏನು ಮಾಡಹೊರಟಿದ್ದಾಳೆ ಎಂದು ಹೊಳೆದು, ತಡೆಯಲು ಸತೀಶ ಓಡಿದ. ತಡವಾಗಿತ್ತು.

"ಅಜ್ಜೀ, ನಾ ಗೆದ್ದಿಲ್ಲ. ಸೋತೆ."

ಅಜ್ಜಿ ಹುರುಳಿ ಗುಡ್ಡೆ ಮಾಡುತ್ತಲೇ ಇದ್ದರು. "ಎಲ್ಲಾರೂ ಎದ್ದು ಕೈ ತಟ್ಟಿದ್ರಲ್ಲ."

"ಸೋತಿದ್ದಕ್ಕೆ ತಟ್ಟಿದ್ದು."

"ಅದೆಂಥಾ ಊರು, ಸೋತವರಿಗೆ ಕೈ ತಟ್ಟೋದು?"

ಗೋಮತಿ ಎಲ್ಲವನ್ನೂ ಬಿಡಿಸಿ ಹೇಳಿದಳು. ಚೆಂಡಿನ ಅಚ್ಚು ಗೆರೆಗೆ ಉಗುರಿನಷ್ಟು ತಾಗಿತ್ತು. ಅಂಪೈರಿಗೆ ಮೇಲಿನಿಂದ ಕಂಡಿರಲಿಲ್ಲ, ತನಗೆ ಕಂಡಿತ್ತು. ಪಕ್ಕದಲ್ಲೇ, ಗೆರೆಯ ಹೊರಗೆ, ಹಳೆಯದೊಂದು ಅಚ್ಚು ಬೇರೆ ಇತ್ತು. ತಾನು ಸುಮ್ಮನೆ ಅದನ್ನು ತೋರಿಸಿದ್ದರೆ ಅವರು ನಂಬುತ್ತಿದ್ದರು, ಆಟ ಮುಂದುವರಿಯುತ್ತಿತ್ತು. ಅಳಿಸಿದರೆ ಪಾಯಿಂಟ್ ಆ ಹುಡುಗಿಗೆ ಬಿಟ್ಟುಕೊಟ್ಟ ಹಾಗೆ. ಅಳಿಸಿದೆ, ಆಟ ಮುಗಿಯಿತು ಎಂದಳು. ಮಾತು ಮಾತೇ, ಬ್ಯಾಟು ಅಟ್ಟಕ್ಕೆ ಹಾಕಬಹುದು ಎಂದೂ ಹೇಳಿದಳು. ಜೊತೆಗೆ ತಂದಿದ್ದ ರ‍್ಯಾಕೆಟ್ಟನ್ನು ಅಜ್ಜಿಯ ಮುಂದೆ ಇಟ್ಟಳು.

ಸಾಮಿಯಾತಾಳ್ ಕೈ ಒರೆಸಿಕೊಂಡು ಅವಳನ್ನು ನೋಡಿದರು. "ಗುರುತು ಅಳಿಸು ಅಂತ ನಿಂಗೆ ಹೇಳಿಕೊಟ್ಟಿದ್ಯಾರು?"

"ನೀನೇ. ಆದ್ರೆ ಅಜ್ಜೀ, ಇದು ಕಾಲು ತಾನಾಗಿ ಅಳಿಸಿದ್ದಲ್ಲ. ನೋಡೀನೇ ಅಳಿಸ್ದೆ."

"ನೋಡಿ ಅಳಿಸು ಅಂತ ತಾನೇ ಹೇಳಿಕೊಟ್ಟಿದ್ದು ನಾನು? ನೋಡದೆ ಅಳಿಸೋದು ಕೋಳಿ ಕೆದಕಿದಂಗೆ." ಅಜ್ಜಿ ಒಂದು ಹಿಡಿ ಹುರುಳಿ ತೆಗೆದು ಗುಡ್ಡೆಯ ನೆತ್ತಿಗೆ ಹಾಕಿದರು. "ಅಂಗಾದ್ರೆ ಇವತ್ತು ನಿನ್ನ ಸೋಲಿಸಿದ್ದು ನಾನು. ನಾನೇ ಸೋಲಿಸಿ ನಾನೇ ಬ್ಯಾಟು ಅಟ್ಟಕ್ಕೆ ಆಕಿದ್ರೆ ನ್ಯಾಯ ಆಗೊಲ್ಲ, ನನ್ ಕಣ್ಣೇ. ಈ ಆಟ ಲೆಕ್ಕಕ್ಕಿಲ್ಲ. ಇನ್ನೊಂದು ಆಡಿ ತೋರ್ಸು."

ಗೋಮತಿ ಮೊಣಕಾಲಿಗೆ ಮುಖ ಒತ್ತಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದೆ ಸತೀಶ ನಿಂತಲ್ಲೇ ನಿಂತಿದ್ದ. ಮುಂದಿನ ಆಟ ಇರುವುದು ಟರ್ಕಿಯಲ್ಲಿ ಎಂದು ಅವಳು ಆ ಸ್ಥಿತಿಯಲ್ಲೇ ಹೇಳಿದಳು. ಅಜ್ಜಿ ಯೋಚನೆಗೆ ಬಿದ್ದರು. ಕಣ್ಣ ಮುಂದೆ ಎಂದರೆ ಕಣ್ಣ ಮುಂದೆಯೇ ಆಗಬೇಕಿತ್ತು.

"ಫೋನಲ್ಲಿ ನೋಡಿದ್ರೂ ಕಣ್ ಮುಂದೆ ತಾನೇ ಅಜ್ಜಿ," ಎಂದ ಸತೀಶ. "ನಾ ಬಂದು ಇಡ್ಕೊಂಡು ಕೂತ್ಕೊತೀನಿ."

ಆ ಮನೆಯಲ್ಲಿ ಅವನ ಮಾತಿಗೆ ಬೆಲೆ ಬಂದದ್ದು ಅಂದೇ ಮೊದಲು. ಆಗಲಿ ಎಂಬಂತೆ ಅಜ್ಜಿ ತಲೆಯಾಡಿಸಿದರು. ಆಮೇಲೆ ಅವರ ಕಣ್ಣು ನಿಧಾನವಾಗಿ ಅವನ ಮುಖದಿಂದ ಕೆಳಗಿಳಿಯಿತು.

"ಡೇ, ಮೊದ್ಲು ನೀ ನಿಂತಿರೋ ಜಾಗ ನೋಡು."

ಸತೀಶ ನೋಡಿಕೊಂಡ. ಅಕ್ಕನನ್ನು ತಡೆಯುವ ಆತುರದಲ್ಲಿ ಬೂಟಿನಲ್ಲೇ ಕಣಕ್ಕೆ ನುಗ್ಗಿದ್ದ. ಅಂಚಿನಿಂದ ಅವನು ನಿಂತ ಜಾಗದವರೆಗೆ ಬೂಟಿನ ಅಚ್ಚು ಒಂದರ ಹಿಂದೆ ಒಂದು ಬಿದ್ದಿತ್ತು. ದಿನವಿಡೀ ಊರ ಅಂಗಿಗಳಲ್ಲಿ ತಪ್ಪು ಹುಡುಕುವವನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಅವನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಹಿಂದಕ್ಕೆ ಹೆಜ್ಜೆ ಹಾಕುತ್ತ, ಒಂದೊಂದೇ ಗುರುತನ್ನು ನೋಡಿ ನೋಡಿ ಅಂಗಾಲಿನಲ್ಲಿ ಅಳಿಸತೊಡಗಿದ. ಒಂದು ಬಿಟ್ಟುಹೋಯಿತು ಎಂದು ಗೋಮತಿ ಕೂತಲ್ಲಿಂದಲೇ ರ‍್ಯಾಕೆಟ್ಟಿನ ತುದಿಯಿಂದ ತೋರಿಸಿದಳು.